ಟ್ರಾನ್ಸಾನಿಕ್ ಬಫೆಟ್ ಸಿಮ್ಯುಲೇಶನ್: ರೆಕ್ಕೆಯ ಮೇಲೆ ಓಲಾಡಬೇಕಾದ ಆಘಾತ ತರಂಗ ನಿಂತುಹೋಗುವುದೇಕೆ?

ಪ್ರಶ್ನೆ: ಮಲೆನಾಡ ಹಕ್ಕಿ

ಎಲ್ಲರಿಗೂ ನಮಸ್ಕಾರ. ನಾನು ಏರೋಸ್ಪೇಸ್ ವಿಭಾಗದಲ್ಲಿ ಎಂ.ಟೆಕ್. ಎರಡನೇ ವರ್ಷದ ವಿದ್ಯಾರ್ಥಿನಿ. ಶಬ್ದದ ವೇಗಕ್ಕೆ ಸಮೀಪದ ವೇಗದಲ್ಲಿ ರೆಕ್ಕೆಯ ಮೇಲ್ಭಾಗದಲ್ಲಿ ಹುಟ್ಟುವ ಆಘಾತ ತರಂಗವು ಹೊರಗಿನ ಯಾವ ಪ್ರಚೋದನೆಯೂ ಇಲ್ಲದೆ ತಾನಾಗಿಯೇ ಹಿಂದಕ್ಕೂ ಮುಂದಕ್ಕೂ ಓಲಾಡತೊಡಗುವ ಟ್ರಾನ್ಸಾನಿಕ್ ಬಫೆಟ್ ನನ್ನ ಪ್ರಬಂಧದ ವಿಷಯ.

ಹೋಲಿಕೆಗೆ ಫ್ರಾನ್ಸಿನ ಒನೆರಾ ಎಂಬ ವೈಮಾನಿಕ ಸಂಶೋಧನಾ ಸಂಸ್ಥೆಯ ಒಎಟಿ15ಎ ಎಂಬ ಸೂಪರ್‌ಕ್ರಿಟಿಕಲ್ ಏರ್‌ಫಾಯಿಲ್ (ರೆಕ್ಕೆಯ ಅಡ್ಡಛೇದದ ಆಕಾರ) ಆಯ್ದುಕೊಂಡಿದ್ದೇನೆ. ಜಾಕ್ವಾಂ ಮತ್ತು ಸಹೋದ್ಯೋಗಿಗಳು 2009ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಮ್ಯಾಕ್ ಸಂಖ್ಯೆ (ಶಬ್ದದ ವೇಗಕ್ಕೆ ಹೋಲಿಸಿದ ವೇಗ) 0.73, ರೆನಾಲ್ಡ್ಸ್ ಸಂಖ್ಯೆ (ಸ್ನಿಗ್ಧತೆಗೆ ಹೋಲಿಸಿದರೆ ಹರಿವಿನ ಜಡತ್ವ ಎಷ್ಟು ಎಂಬ ಅಳತೆ) ಸುಮಾರು 30 ಲಕ್ಷ ಮತ್ತು ಆಂಗಲ್ ಆಫ್ ಅಟ್ಯಾಕ್ (ಗಾಳಿಗೆ ರೆಕ್ಕೆ ಒಡ್ಡುವ ಕೋನ) 3.5 ಡಿಗ್ರಿ ಇರುವಾಗ ಆಘಾತ ತರಂಗವು ಸೆಕೆಂಡಿಗೆ ಸುಮಾರು 69 ಬಾರಿ ಓಲಾಡುತ್ತದೆ. ಅದೇ ಸ್ಥಿತಿಯನ್ನು ನಾನು ಎಸ್‌ಯು2 ಎಂಬ ಮುಕ್ತ ತಂತ್ರಾಂಶದಲ್ಲಿ, ಎರಡು ಆಯಾಮಗಳಲ್ಲಿ, ಸ್ಪಾಲಾರ್ಟ್–ಆಲ್ಮರಸ್ ಟರ್ಬುಲೆನ್ಸ್ ಮಾಡೆಲ್ (ಗಾಳಿಯ ಸುಳಿಗಳ ಸರಾಸರಿ ಪರಿಣಾಮವನ್ನು ಅಂದಾಜಿಸುವ ಸಮೀಕರಣ) ಬಳಸಿ ಲೆಕ್ಕ ಹಾಕುತ್ತಿದ್ದೇನೆ. ಮೊದಲು ಸ್ಟೆಡಿ (ಕಾಲದೊಂದಿಗೆ ಬದಲಾಗದ ಹರಿವಿನ) ಲೆಕ್ಕ ಮಾಡಿ, ಅದರಿಂದ ಆರಂಭಿಸಿ ಎರಡನೇ ದರ್ಜೆಯ ಡ್ಯುಯಲ್ ಟೈಮ್ ಸ್ಟೆಪ್ಪಿಂಗ್‌ನಲ್ಲಿ (ಕಾಲದ ಪ್ರತಿ ಹೆಜ್ಜೆಯೊಳಗೂ ಹಲವು ಬಾರಿ ಪುನರಾವರ್ತಿಸಿ ಉತ್ತರ ಹುಡುಕುವ ವಿಧಾನ) ಮುಂದುವರಿಸುತ್ತೇನೆ. ಆರಂಭದಲ್ಲಿ ಲಿಫ್ಟ್ (ಮೇಲೆತ್ತುವ ಬಲ) ಗುಣಾಂಕ ಕೆಲವು ಬಾರಿ ಏರಿಳಿದು, ಆಮೇಲೆ ಏರಿಳಿತ ಕುಗ್ಗುತ್ತಾ ಹೋಗಿ, ಕೊನೆಗೆ ಆಘಾತ ತರಂಗವು ಕಾರ್ಡಿನ (ಮುಂದಿನ ಅಂಚಿನಿಂದ ಹಿಂದಿನ ಅಂಚಿನವರೆಗಿನ ಉದ್ದದ) ನಡುಭಾಗದ ಬಳಿ ನಿಶ್ಚಲವಾಗಿ ನಿಂತುಬಿಡುತ್ತದೆ.

ಮೆಶ್ (ಲೆಕ್ಕದ ಜಾಲರಿ) ಇನ್ನಷ್ಟು ಸೂಕ್ಷ್ಮವಾಗಬೇಕು ಎಂದು ಕೆಲವರೂ, ಟರ್ಬುಲೆನ್ಸ್ ಮಾಡೆಲ್ ಬದಲಾಯಿಸಿದರೆ ಸಾಕು ಎಂದು ಕೆಲವರೂ ಹೇಳಿದ್ದಾರೆ. ಯಾವುದೋ ಒಂದು ಆಯ್ಕೆಯನ್ನು ಬದಲಿಸಿ 69 ಹರ್ಟ್ಜ್ ಬಂದರೆ ಪ್ರಬಂಧ ಮುಗಿಯಬಹುದು. ಆದರೆ ಏಕೆ ಬಂತು, ಮೊದಲು ಏಕೆ ಬಂದಿರಲಿಲ್ಲ ಎಂಬುದು ನನಗೆ ತಿಳಿಯದೆ ಉಳಿಯುತ್ತದೆ. ಓಲಾಟ ನಿಲ್ಲುತ್ತಿರುವುದು ಲೆಕ್ಕದ ದೋಷದಿಂದಲೋ ಮಾಡೆಲ್‌ನ ಸ್ವಭಾವದಿಂದಲೋ ಎಂಬುದನ್ನು ಪ್ರತ್ಯೇಕಿಸುವ ಕ್ರಮ ಯಾವುದೆಂದು ಅನುಭವಿಗಳು ದಯವಿಟ್ಟು ತಿಳಿಸಬೇಕು.

ಉತ್ತರ: ಪ್ರವಾಹಗಣಿತ

ಒಳ್ಳೆಯ ಪ್ರಶ್ನೆ, ಮತ್ತು ಸರಿಯಾದ ಜಾಗದಲ್ಲಿ ನಿಂತು ಕೇಳಿದ ಪ್ರಶ್ನೆ. 69 ಹರ್ಟ್ಜ್ ಬರಿಸುವುದನ್ನೇ ಗುರಿಯಾಗಿ ಇಟ್ಟುಕೊಳ್ಳಬೇಡಿ ಎಂಬುದೇ ನನ್ನ ಮೊದಲ ಸಲಹೆ. ಬಫೆಟ್ ಲೆಕ್ಕದಲ್ಲಿ ಆವೃತ್ತಿಯು ಎಲ್ಲಕ್ಕಿಂತ ಸುಲಭವಾಗಿ ಹೊಂದಿಕೆಯಾಗುವ ಸಂಗತಿ. ಓಲಾಟ ಒಮ್ಮೆ ಹುಟ್ಟಿತೆಂದರೆ ಅಷ್ಟೇನೂ ಒಳ್ಳೆಯದಲ್ಲದ ಲೆಕ್ಕವೂ ಪ್ರಯೋಗದ ಆವೃತ್ತಿಯ ಆಸುಪಾಸಿನ ಉತ್ತರವನ್ನೇ ಕೊಡುತ್ತದೆ. ಯಾವ ಕೋನದಲ್ಲಿ ಓಲಾಟ ಆರಂಭವಾಗುತ್ತದೆ, ಆರಂಭವಾದ ಮೇಲೆ ಎಷ್ಟು ಹರವಿನಲ್ಲಿ ಓಲಾಡುತ್ತದೆ ಎಂಬ ಎರಡು ಪ್ರಶ್ನೆಗಳಲ್ಲಿಯೇ ಮಾಡೆಲ್‌ಗಳ ಸಾಮರ್ಥ್ಯ ಬಯಲಾಗುವುದು. ವಿಮಾನ ವಿನ್ಯಾಸಕಾರರಿಗೆ ಬೇಕಾಗಿರುವುದೂ ಆರಂಭದ ಗಡಿಯೇ. ಪ್ರಯಾಣಿಕ ವಿಮಾನವು ಕ್ರೂಸ್ ಸ್ಥಿತಿಯಿಂದ 1.3 ಜಿ (ತನ್ನ ತೂಕದ 1.3 ಪಟ್ಟು) ವರೆಗೆ ಹೊರೆ ಹೆಚ್ಚಿಸಿಕೊಂಡರೂ ಬಫೆಟ್ ಆರಂಭವಾಗಬಾರದು ಎಂಬ ಅಂತರವನ್ನು ಕಾಯ್ದುಕೊಳ್ಳಬೇಕಾಗುವುದರಿಂದ, ಆ ಗಡಿ ಎಲ್ಲಿದೆ ಎಂಬ ಅಂದಾಜಿನಲ್ಲಿ ಆಗುವ ತಪ್ಪು ನೇರವಾಗಿ ವಿಮಾನದ ಎತ್ತರ, ತೂಕ ಮತ್ತು ವೇಗದ ಮಿತಿಗಳನ್ನು ಮುಟ್ಟುತ್ತದೆ.

ಈಗ ನಿಮ್ಮ ಲೆಕ್ಕಕ್ಕೆ ಬರೋಣ. ಲಿಫ್ಟ್‌ನ ಏರಿಳಿತ ಹೇಗೆ ಸತ್ತಿತು ಎಂಬುದನ್ನು ನೀವು ಗಮನವಿಟ್ಟು ನೋಡಬೇಕು. 65ರಿಂದ 75 ಹರ್ಟ್ಜ್‌ನೊಳಗಿನ ಒಂದೇ ಆವೃತ್ತಿಯಲ್ಲಿ ಕಂಪಿಸುತ್ತಾ, ಪ್ರತಿ ಆವರ್ತದಲ್ಲೂ ಒಂದೇ ಅನುಪಾತದಲ್ಲಿ ಕುಗ್ಗುತ್ತಾ ಸತ್ತಿದ್ದರೆ, ನಿಮ್ಮ ಲೆಕ್ಕದೊಳಗೆ ಬಫೆಟ್‌ನ ಯಾಂತ್ರಿಕತೆ ಜೀವಂತವಾಗಿಯೇ ಇದೆ, ಕೇವಲ ಆರಂಭದ ಗಡಿ ಮೇಲಿನ ಕೋನಕ್ಕೆ ಸರಿದಿದೆ ಎಂದು ಅರ್ಥ. ಹಾಗಲ್ಲದೆ ಒಂದೆರಡು ಅಡ್ಡಾದಿಡ್ಡಿ ಏರಿಳಿತಗಳ ನಂತರ ಕಂಪನವೇ ಇಲ್ಲದೆ ನೇರಗೆರೆಯಾಗಿದ್ದರೆ, ಆಗ ಮೆಶ್ ಅಥವಾ ಲೆಕ್ಕದ ವಿಧಾನದಲ್ಲಿ ಅತಿಯಾದ ಕೃತಕ ಸ್ನಿಗ್ಧತೆ ಇದೆಯೇ ಎಂದು ಹುಡುಕಬೇಕು.

ಇದರ ಹಿಂದಿನ ತತ್ತ್ವವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಇಡೀ ಪ್ರಬಂಧವನ್ನು ಇದರ ಮೇಲೆ ಕಟ್ಟಬಹುದು. ಕ್ರೌಚ್, ಗಾರ್ಬರುಕ್ ಮತ್ತು ಸಂಗಡಿಗರು 2007 ಮತ್ತು 2009ರ ತಮ್ಮ ಲೇಖನಗಳಲ್ಲಿ, ಬಫೆಟ್ ಎಂಬುದು ಸರಾಸರಿ ಹರಿವಿನ ಒಟ್ಟಾರೆ ಅಸ್ಥಿರತೆ ಎಂದು ತೋರಿಸಿದರು. ಕೋನವನ್ನು ಹೆಚ್ಚಿಸುತ್ತಾ ಹೋದಂತೆ ಆ ಹರಿವಿನ ಒಂದು ಕಂಪನ ರೂಪದ ಕುಗ್ಗುವಿಕೆ ನಿಧಾನವಾಗುತ್ತದೆ, ಒಂದು ಕೋನದಲ್ಲಿ ಸೊನ್ನೆಯಾಗುತ್ತದೆ, ಅದನ್ನು ದಾಟಿದ ಮೇಲೆ ಬೆಳವಣಿಗೆಯಾಗಿ ಮಾರ್ಪಡುತ್ತದೆ. ಗಣಿತದಲ್ಲಿ ಇದನ್ನು ಹಾಪ್ಫ್ ಬೈಫರ್ಕೇಶನ್ ಎನ್ನುತ್ತಾರೆ. ಇದರಿಂದ ಎರಡು ಉಪಯುಕ್ತ ಪರೀಕ್ಷೆಗಳು ದೊರೆಯುತ್ತವೆ. ಗಡಿಯ ಕೆಳಗಿನ ಕೋನಗಳಲ್ಲಿ ಲಿಫ್ಟ್ ಏರಿಳಿತದ ಶಿಖರಗಳ ಲಾಗರಿದಮ್ ತೆಗೆದು ಕಾಲಕ್ಕೆ ಎದುರಾಗಿ ಗುರುತಿಸಿದರೆ ಸರಳರೇಖೆ ಬರಬೇಕು, ಅದರ ಇಳಿಜಾರೇ ಕುಗ್ಗುವಿಕೆಯ ದರ. ಕೆಲವು ಕೋನಗಳಲ್ಲಿ ಈ ದರವನ್ನು ಅಳೆದು ಕೋನಕ್ಕೆ ಎದುರಾಗಿ ಇಟ್ಟರೆ, ರೇಖೆ ಸೊನ್ನೆಯನ್ನು ದಾಟುವ ಜಾಗವೇ ನಿಮ್ಮ ಮಾಡೆಲ್‌ನ ಬಫೆಟ್ ಆರಂಭ. ಗಡಿಯ ಮೇಲಿನ ಕೋನಗಳಲ್ಲಿ, ಓಲಾಟ ಪೂರ್ಣವಾಗಿ ನೆಲೆಗೊಂಡ ಮೇಲೆ, ಅದರ ಹರವಿನ ವರ್ಗವು ಗಡಿಗೆ ಸಮೀಪದಲ್ಲಿ ಕೋನದ ಜೊತೆ ಸರಳರೇಖೆಯಲ್ಲಿ ಏರಬೇಕು. ಎರಡು ಕಡೆಯಿಂದ ಎಳೆದ ರೇಖೆಗಳು ಒಂದೇ ಕೋನದಲ್ಲಿ ಸೊನ್ನೆಯನ್ನು ಮುಟ್ಟಿದರೆ ನಿಮ್ಮ ಲೆಕ್ಕ ತನ್ನಷ್ಟಕ್ಕೆ ತಾನು ಸುಸಂಬದ್ಧವಾಗಿದೆ ಎಂದು ಧೈರ್ಯವಾಗಿ ಹೇಳಬಹುದು.

ಗಡಿಯ ಹತ್ತಿರ ಬೆಳವಣಿಗೆಯ ದರ ಬಹಳ ಚಿಕ್ಕದಾಗಿರುವುದರಿಂದ, ಅಲ್ಪ ಕಾಲ ಓಡಿಸಿ ಹರಿವು ಸ್ಟೆಡಿ ಆಗಿದೆ ಎಂದು ತೀರ್ಮಾನಿಸುವುದು ಅಪಾಯಕಾರಿ. ಆರಂಭದಲ್ಲಿ ಕೋನವನ್ನು ಕ್ಷಣಕಾಲ ಸ್ವಲ್ಪ ಹೆಚ್ಚಿಸಿ ಮತ್ತೆ ಇಳಿಸಿ ಒಂದು ಸ್ಪಷ್ಟವಾದ ತಳ್ಳಾಟ ಕೊಡಿ, ಅದು ಸಾಯುತ್ತದೆಯೋ ಬೆಳೆಯುತ್ತದೆಯೋ ಎಂದು ಕಾಯಿರಿ.

ಲೆಕ್ಕದ ವಿಧಾನದಲ್ಲಿ ನಾನು ಮೊದಲು ಅನುಮಾನಿಸುವುದು ಡ್ಯುಯಲ್ ಟೈಮ್ ಸ್ಟೆಪ್ಪಿಂಗ್‌ನ ಒಳ ಪುನರಾವರ್ತನೆಗಳನ್ನು. ಪ್ರತಿ ಭೌತಿಕ ಟೈಮ್ ಸ್ಟೆಪ್‌ನಲ್ಲಿ ರೆಸಿಡ್ಯುಯಲ್ (ಸಮೀಕರಣದಲ್ಲಿ ಉಳಿದ ದೋಷ) ಕನಿಷ್ಠ ನೂರು ಪಟ್ಟು, ಸಾಧ್ಯವಾದರೆ ಸಾವಿರ ಪಟ್ಟು ಇಳಿಯದಿದ್ದರೆ, ಕಾಗದದ ಮೇಲೆ ಎರಡನೇ ದರ್ಜೆಯಾಗಿರುವ ವಿಧಾನ ವಾಸ್ತವದಲ್ಲಿ ಹಾಗಿರುವುದಿಲ್ಲ, ಮತ್ತು ಆ ಕೊರತೆ ಬಹುತೇಕ ಕಂಪನವನ್ನು ಕುಗ್ಗಿಸುವ ರೀತಿಯಲ್ಲಿಯೇ ವರ್ತಿಸುತ್ತದೆ. ನಿಮ್ಮ ಆವರ್ತದ ಅವಧಿ ಸುಮಾರು 14.5 ಮಿಲಿಸೆಕೆಂಡ್. ಅದನ್ನು 200 ಭಾಗ ಮಾಡಿದರೆ ಟೈಮ್ ಸ್ಟೆಪ್ 72 ಮೈಕ್ರೊಸೆಕೆಂಡ್ ಆಗುತ್ತದೆ. ಆರಂಭಕ್ಕೆ ಇದು ಸಾಕು. ಆದರೆ ಅರ್ಧಕ್ಕೆ ಇಳಿಸಿದಾಗ ಕುಗ್ಗುವಿಕೆಯ ದರ ಬದಲಾಗುತ್ತದೆಯೇ ಎಂದು ನೋಡಲೇಬೇಕು.

ಮೆಶ್ ವಿಷಯದಲ್ಲಿ ಎಲ್ಲ ಕಡೆ ಸೂಕ್ಷ್ಮ ಮಾಡುವ ಅಗತ್ಯವಿಲ್ಲ. ಆಘಾತ ತರಂಗ ನಿಂತಿರುವ ಜಾಗದಲ್ಲಿ ಮಾತ್ರವಲ್ಲದೆ, ಅದು ಓಲಾಡಬಹುದಾದ ಇಡೀ ವಲಯದಲ್ಲಿ, ಅಂದರೆ ಕಾರ್ಡಿನ ಸುಮಾರು 25ರಿಂದ 65 ಶೇಕಡಾವರೆಗೆ, ಹರಿವಿನ ದಿಕ್ಕಿನ ಅಂತರ ಕಾರ್ಡಿನ ಅರ್ಧ ಶೇಕಡಾಕ್ಕಿಂತ ಕಡಿಮೆ ಇರಲಿ. ಗೋಡೆಯ ಬಳಿ ವೈ ಪ್ಲಸ್ (ಗೋಡೆಗೆ ತಾಗಿದ ಮೊದಲ ಕೋಶದ ಆಯಾಮರಹಿತ ದೂರ) 1ಕ್ಕಿಂತ ಕಡಿಮೆ ಇರಲಿ. ಈ ಏರ್‌ಫಾಯಿಲ್‌ನ ಹಿಂದಿನ ಅಂಚು ಚೂಪಾಗಿಲ್ಲ, ಕಾರ್ಡಿನ ಅರ್ಧ ಶೇಕಡಾದಷ್ಟು ದಪ್ಪವಿದೆ. ಮೆಶ್ ಸುಲಭವಾಗಲೆಂದು ಅದನ್ನು ಚೂಪು ಮಾಡಿದ್ದರೆ ದಯವಿಟ್ಟು ಮೂಲ ಆಕಾರಕ್ಕೆ ಮರಳಿ, ಏಕೆಂದರೆ ಇಡೀ ಓಲಾಟದ ಒಂದು ತುದಿ ಅಲ್ಲಿಯೇ ಇದೆ.

ಇಷ್ಟೆಲ್ಲ ಸರಿಯಿದ್ದೂ ಓಲಾಟ ಸತ್ತರೆ, ಆಗ ಟರ್ಬುಲೆನ್ಸ್ ಮಾಡೆಲ್‌ನತ್ತ ನೋಡಬೇಕು. ಆಘಾತ ತರಂಗದ ಬುಡದಲ್ಲಿ ಬೌಂಡರಿ ಲೇಯರ್ (ಮೇಲ್ಮೈಗೆ ಅಂಟಿಕೊಂಡ ತೆಳು ಗಾಳಿಯ ಪದರ) ಮೇಲ್ಮೈಯಿಂದ ಬೇರ್ಪಟ್ಟ ನಂತರದ ವಲಯದಲ್ಲಿ ಸ್ಪಾಲಾರ್ಟ್–ಆಲ್ಮರಸ್ ಮಾಡೆಲ್ ಎಡ್ಡಿ ವಿಸ್ಕಾಸಿಟಿಯನ್ನು (ಸುಳಿಗಳ ಪರಿಣಾಮವಾಗಿ ಸೇರುವ ಸ್ನಿಗ್ಧತೆಯನ್ನು) ಹೆಚ್ಚಾಗಿ ಅಂದಾಜು ಮಾಡುವ ಸಾಧ್ಯತೆ ಇದೆ, ಆ ಹೆಚ್ಚುವರಿಯೇ ಓಲಾಟಕ್ಕೆ ತಡೆ. ಇದೇ ಏರ್‌ಫಾಯಿಲ್ ಕುರಿತ 2005ರ ಅಧ್ಯಯನದಲ್ಲಿ ಸೆಬಾಸ್ಟಿಯನ್ ಡೆಕ್ ಕೂಡ, ಅನ್‌ಸ್ಟೆಡಿ ರಾನ್ಸ್ (ಟರ್ಬುಲೆನ್ಸ್ ಅನ್ನು ಸರಾಸರಿ ಮಾಡಿ, ಹರಿವಿನ ಬದಲಾವಣೆಯನ್ನು ಕಾಲದೊಂದಿಗೆ ಲೆಕ್ಕ ಹಾಕುವ) ವಿಧಾನದಲ್ಲಿ ಓಲಾಟ ಹುಟ್ಟಲು ಪ್ರಯೋಗಕ್ಕಿಂತ ಹೆಚ್ಚಿನ ಕೋನ ಬೇಕಾಯಿತು ಎಂದು ತೋರಿಸಿದ್ದಾರೆ. ಹಾಗೆಂದು ಈ ಮಾಡೆಲ್ ನಿಷ್ಪ್ರಯೋಜಕವೆಂದು ತಿಳಿಯಬೇಡಿ. ಕ್ರೌಚ್ ಅವರ ತಂಡ ಬಳಸಿದ್ದೂ ಇದನ್ನೇ, ಸಂಪೀಡ್ಯತೆಯ ತಿದ್ದುಪಡಿಯೊಂದಿಗೆ. ಎಸ್‌ಎಸ್‌ಟಿ ಎಂಬ ಇನ್ನೊಂದು ಟರ್ಬುಲೆನ್ಸ್ ಮಾಡೆಲ್ ಅನ್ನೂ ಪಕ್ಕದಲ್ಲಿ ಓಡಿಸಿ, ಎರಡರ ಗಡಿಗಳನ್ನೂ ಹೋಲಿಸಿ. ಒಂದೇ ಕೋನದಲ್ಲಿ ಎರಡನ್ನು ಹೋಲಿಸುವುದು ಬೇರೆ ಬೇರೆ ಗಡಿಗಳಿರುವ ಎರಡು ಹರಿವುಗಳನ್ನು ಹೋಲಿಸಿದಂತಾಗುತ್ತದೆ.

ಉತ್ತರ: ಗಾಳಿಸುರಂಗ

ಪ್ರವಾಹಗಣಿತ ಅವರ ಮಾತನ್ನು ಸಂಪೂರ್ಣವಾಗಿ ಒಪ್ಪುತ್ತೇನೆ. ಪ್ರಯೋಗ ಮಾಡುವವರ ಕಡೆಯಿಂದ ಕೆಲವು ವಿಷಯಗಳನ್ನು ಸೇರಿಸಬೇಕೆನಿಸಿತು, ಏಕೆಂದರೆ ಸಿಮ್ಯುಲೇಶನ್ ಮಾಡುವವರು ಪ್ರಯೋಗದ ಅಂಕಿಗಳನ್ನು ಶಿಲಾಶಾಸನದಂತೆ ಕಾಣುವುದು ನನಗೆ ಸದಾ ಕಳವಳ ತರುತ್ತದೆ.

ಆ ಪ್ರಯೋಗ ನಡೆದದ್ದು ಪ್ಯಾರಿಸ್ ಬಳಿಯ ಮ್ಯೂಡಾನ್‌ನಲ್ಲಿರುವ ಒನೆರಾದ ಎಸ್3ಸಿಎಚ್ ಗಾಳಿ ಸುರಂಗದಲ್ಲಿ. ಮಾದರಿಯ ಕಾರ್ಡ್ 23 ಸೆಂಟಿಮೀಟರ್, ಅಗಲ 78 ಸೆಂಟಿಮೀಟರ್. ಸುರಂಗದ ಮೇಲಿನ ಮತ್ತು ಕೆಳಗಿನ ಗೋಡೆಗಳ ಆಕಾರವನ್ನು ಬದಲಾಯಿಸಿ, ತೆರೆದ ಆಕಾಶದಲ್ಲಿ ಹರಿಯುವ ಗಾಳಿಯ ಪಥಕ್ಕೆ ಹತ್ತಿರವಾಗುವಂತೆ ಹೊಂದಿಸಬಹುದು. ಆದರೆ ಗೋಡೆಗಳು ಹೊಂದಿಕೊಳ್ಳುವುದು ಸರಾಸರಿ ಹರಿವಿಗೆ ಮಾತ್ರ, ಸೆಕೆಂಡಿಗೆ 69 ಬಾರಿ ಬದಲಾಗುವ ಹರಿವಿನ ಪ್ರತಿ ಕ್ಷಣಕ್ಕೂ ಅಲ್ಲ. ಪಕ್ಕದ ಗೋಡೆಗಳ ಮೂಲೆಗಳಲ್ಲಿಯೂ ಬೌಂಡರಿ ಲೇಯರ್ ಇದೆ, ಆಘಾತ ತರಂಗ ಅಲ್ಲಿಯೂ ಅದನ್ನು ಬೇರ್ಪಡಿಸುತ್ತದೆ. ತಿಯೇರಿ ಮತ್ತು ಕೂಸ್ಟೋಲ್ಸ್ 2006ರಲ್ಲಿ ಇದೇ ಏರ್‌ಫಾಯಿಲ್‌ನ ಲೆಕ್ಕದಲ್ಲಿ ಸುರಂಗದ ಗೋಡೆಗಳನ್ನೂ ಸೇರಿಸಿ ನೋಡಿದಾಗ, ಟರ್ಬುಲೆನ್ಸ್ ಮಾಡೆಲ್‌ನಷ್ಟೇ ಗಂಭೀರವಾಗಿ ಗೋಡೆಗಳ ಪ್ರಭಾವವನ್ನೂ ಪರಿಗಣಿಸಬೇಕೆಂಬುದು ಸ್ಪಷ್ಟವಾಯಿತು. ಹೀಗಿರುವಾಗ ಅನಂತ ಆಕಾಶದಲ್ಲಿ 3.5 ಡಿಗ್ರಿ ಎಂದು ನೀವು ಕೊಡುವ ಕೋನವೂ ಸುರಂಗದ 3.5 ಡಿಗ್ರಿಯೂ ಒಂದೇ ಎಂದು ಭಾವಿಸಬೇಕಾಗಿಲ್ಲ. ಪ್ರಯೋಗದಲ್ಲಿ 3 ಡಿಗ್ರಿಯಲ್ಲಿ ಹರಿವು ಶಾಂತವಾಗಿದೆ, 3.5 ಡಿಗ್ರಿಯಲ್ಲಿ ಓಲಾಟ ಪೂರ್ಣವಾಗಿ ನೆಲೆಗೊಂಡಿದೆ. ಇಷ್ಟು ಕಿರಿದಾದ ಅಂತರದಲ್ಲಿ ಗಡಿ ಇರುವಾಗ ಕಾಲು ಡಿಗ್ರಿಯ ವ್ಯತ್ಯಾಸವೂ ಇಡೀ ಚಿತ್ರವನ್ನು ಬದಲಿಸಬಲ್ಲದು.

ಎರಡನೆಯದಾಗಿ, ಟ್ರಾನ್ಸಿಶನ್, ಅಂದರೆ ಬೌಂಡರಿ ಲೇಯರ್ ನಯವಾಗಿ ಹರಿಯುವ ಲ್ಯಾಮಿನಾರ್ ಸ್ಥಿತಿಯಿಂದ ಸುಳಿಗಳಿಂದ ಕೂಡಿದ ಟರ್ಬುಲೆಂಟ್ ಸ್ಥಿತಿಗೆ ಬದಲಾಗುವುದು. ಪ್ರಯೋಗದಲ್ಲಿ ಕಾರ್ಡಿನ 7 ಶೇಕಡಾ ದೂರದಲ್ಲಿ ಮೇಲ್ಮೈಯನ್ನು ಒರಟುಗೊಳಿಸಿ ಬೌಂಡರಿ ಲೇಯರ್ ಅನ್ನು ಟರ್ಬುಲೆಂಟ್ ಮಾಡಿದ್ದರು. ಇದು ಬರಿಯ ವಿಧಿಯಲ್ಲ. ಸತೀಶ್ ಧವನ್ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬರುವ ಮುನ್ನ ಕ್ಯಾಲ್ಟೆಕ್‌ನಲ್ಲಿ ಲೀಪ್‌ಮನ್ ಮತ್ತು ರೋಷ್ಕೊ ಅವರೊಂದಿಗೆ ಮಾಡಿದ, 1950ರ ದಶಕದ ಆರಂಭದಲ್ಲಿ ಪ್ರಕಟವಾದ ಪ್ರಯೋಗಗಳು ಸ್ಪಷ್ಟಪಡಿಸಿದ್ದೇ ಈ ಭೇದವನ್ನು: ಅದೇ ಆಘಾತ ತರಂಗವು ಲ್ಯಾಮಿನಾರ್ ಬೌಂಡರಿ ಲೇಯರ್ ಅನ್ನು ಮುಟ್ಟಿದಾಗ ಪ್ರಭಾವ ಬಹಳ ದೂರ ಮುಂದಕ್ಕೆ ಹರಡುತ್ತದೆ ಮತ್ತು ಹರಿವು ಸುಲಭವಾಗಿ ಬೇರ್ಪಡುತ್ತದೆ, ಟರ್ಬುಲೆಂಟ್ ಪದರವಾದರೆ ಹೆಚ್ಚು ತಾಳಿಕೊಳ್ಳುತ್ತದೆ. ಬಫೆಟ್‌ನ ಮೂಲವೇ ಈ ಮುಖಾಮುಖಿಯಾಗಿರುವುದರಿಂದ, ನಿಮ್ಮ ಲೆಕ್ಕದಲ್ಲಿ ಮೊದಲ 7 ಶೇಕಡಾ ಭಾಗ ಹೇಗಿದೆ, ಅದರಿಂದ ಆಘಾತ ತರಂಗದ ಬುಡಕ್ಕೆ ತಲುಪುವ ಪದರ ಎಷ್ಟು ದಪ್ಪವಾಗಿದೆ ಎಂಬುದನ್ನು ಪರಿಶೀಲಿಸಿ.

ಇನ್ನು ಆವೃತ್ತಿಯ ಬಗ್ಗೆ. ಗಾಳಿ ಸುರಂಗದಲ್ಲಿ ಒಂದು ಸೆಕೆಂಡ್ ಅಳತೆ ಮಾಡಿದರೂ 69 ಆವರ್ತಗಳು ದೊರೆಯುತ್ತವೆ. ಸಿಮ್ಯುಲೇಶನ್‌ನಲ್ಲಿ ಹತ್ತು ಆವರ್ತಗಳಿಗೇ ಹಲವರು ತೃಪ್ತರಾಗುತ್ತಾರೆ. ಹತ್ತು ಆವರ್ತಗಳೆಂದರೆ 0.145 ಸೆಕೆಂಡ್. ಅಷ್ಟು ಉದ್ದದ ದಾಖಲೆಯ ಫೋರಿಯರ್ ವಿಶ್ಲೇಷಣೆಯಲ್ಲಿ ಎರಡು ಪಕ್ಕದ ಆವೃತ್ತಿಗಳ ನಡುವಿನ ಅಂತರವೇ ಸುಮಾರು 7 ಹರ್ಟ್ಜ್ ಇರುತ್ತದೆ. ಅಂಥ ದಾಖಲೆಯಿಂದ ಒಂದು ಮಾಡೆಲ್ 69, ಇನ್ನೊಂದು 73 ಎಂದು ಶ್ರೇಣಿ ಕೊಡುವುದಕ್ಕೆ ಆಧಾರವಿಲ್ಲ. ಅದರ ಬದಲು ಮೇಲ್ಮೈ ಒತ್ತಡದ ಏರಿಳಿತದ ಆರ್‌ಎಂಎಸ್ (ವರ್ಗಗಳ ಸರಾಸರಿಯ ವರ್ಗಮೂಲ) ಮೌಲ್ಯವನ್ನು ಕಾರ್ಡಿನ ಉದ್ದಕ್ಕೂ ಗುರುತಿಸಿ ಪ್ರಯೋಗದೊಂದಿಗೆ ಹೋಲಿಸಿ. ಆಘಾತ ತರಂಗ ಎಲ್ಲಿಂದ ಎಲ್ಲಿಯವರೆಗೆ ಓಡಾಡಿತು, ಹಿಂದಿನ ಅಂಚಿನ ಬಳಿ ಹರಿವು ಎಷ್ಟು ಅಲುಗಾಡಿತು ಎಂಬ ಎರಡೂ ಆ ಒಂದೇ ಚಿತ್ರದಲ್ಲಿ ಕಾಣುತ್ತವೆ, ಮತ್ತು ಅದನ್ನು ಕಾಕತಾಳೀಯವಾಗಿ ಹೊಂದಿಸುವುದು ಬಹಳ ಕಷ್ಟ.

ಮರುಪ್ರಶ್ನೆ: ಮಲೆನಾಡ ಹಕ್ಕಿ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು, ಸರ್. ತಾವು ಹೇಳಿದಂತೆ ಕುಗ್ಗುವಿಕೆಯ ರೀತಿಯನ್ನು ನೋಡಿದೆ. ಶಿಖರಗಳ ಲಾಗರಿದಮ್ ನಿಜಕ್ಕೂ ಸರಳರೇಖೆಯಲ್ಲಿ ಇಳಿಯುತ್ತಿದೆ. ಒಳ ಪುನರಾವರ್ತನೆಗಳನ್ನು ಹೆಚ್ಚಿಸಿದಾಗ ಇಳಿಜಾರು ಸ್ಪಷ್ಟವಾಗಿ ಕಡಿಮೆಯಾಯಿತು, ಆದರೆ ಸೊನ್ನೆಗೆ ಬರಲಿಲ್ಲ. ಕೋನವನ್ನು 4 ಡಿಗ್ರಿಗಿಂತ ಮೇಲಕ್ಕೆ ಒಯ್ದಾಗ ಅದೇ ಮಾಡೆಲ್‌ನಲ್ಲಿ ಓಲಾಟ ತಾನಾಗಿಯೇ ಬೆಳೆದು ನಿಂತಿತು. ಎಸ್‌ಎಸ್‌ಟಿ ಮಾಡೆಲ್‌ನಲ್ಲಿ 3.5 ಡಿಗ್ರಿಯಲ್ಲಿಯೇ ಓಲಾಟವಿದೆ, ಆದರೆ ಆಘಾತ ತರಂಗ ಪ್ರಯೋಗಕ್ಕಿಂತ ದೊಡ್ಡ ಹರವಿನಲ್ಲಿ ಓಡಾಡುತ್ತಿದೆ.

ಎರಡು ಸಂದೇಹಗಳು ಉಳಿದಿವೆ. ಮೊದಲನೆಯದು, ಸಂಶೋಧಕ ಲೀ ಅವರ ಪ್ರತಿಕ್ರಿಯಾ ಚಕ್ರದ (ಫೀಡ್‌ಬ್ಯಾಕ್ ಲೂಪ್) ವಿವರಣೆಯ ಪ್ರಕಾರ ಆಘಾತ ತರಂಗದಿಂದ ಹೊರಟ ಕದಲಿಕೆ ಬೇರ್ಪಟ್ಟ ಹರಿವಿನಲ್ಲಿ ಹಿಂದಿನ ಅಂಚಿಗೆ ಸಾಗಿ, ಅಲ್ಲಿ ಹುಟ್ಟಿದ ಒತ್ತಡದ ಅಲೆ ಹರಿವಿನ ವಿರುದ್ಧ ದಿಕ್ಕಿನಲ್ಲಿ ಮರಳಿ ಆಘಾತ ತರಂಗವನ್ನು ತಳ್ಳುತ್ತದೆ. ಇದಕ್ಕೂ ಒಟ್ಟಾರೆ ಅಸ್ಥಿರತೆಯ ಸಿದ್ಧಾಂತಕ್ಕೂ ವಿರೋಧವಿದೆಯೇ? ಎರಡನೆಯದು, ಈ ಎರಡು ಆಯಾಮದ ಫಲಿತಾಂಶವನ್ನು ನಿಜವಾದ ಹಿಂಬಾಗಿದ (ಹಿಂದಕ್ಕೆ ಓರೆಯಾಗಿರುವ) ರೆಕ್ಕೆಗೆ ಎಷ್ಟರ ಮಟ್ಟಿಗೆ ಅನ್ವಯಿಸಬಹುದು?

ಉತ್ತರ: ಪ್ರವಾಹಗಣಿತ

ಮೊದಲ ಸಂದೇಹಕ್ಕೆ ನಾನು ಉತ್ತರಿಸುತ್ತೇನೆ. ನಿಮ್ಮ ಅಂಕಿಗಳನ್ನೇ ಇಟ್ಟುಕೊಂಡು ಒಂದು ಸ್ಥೂಲ ಲೆಕ್ಕ ಮಾಡಿ ನೋಡಿ. ಆಘಾತ ತರಂಗ ಕಾರ್ಡಿನ 45 ಶೇಕಡಾದಲ್ಲಿದೆ ಎಂದು ಹಿಡಿದರೆ ಅಲ್ಲಿಂದ ಹಿಂದಿನ ಅಂಚಿಗೆ ಸುಮಾರು 12.7 ಸೆಂಟಿಮೀಟರ್. ಮರಳುವ ಒತ್ತಡದ ಅಲೆ ಮ್ಯಾಕ್ 0.8ರ ಸುಮಾರಿನ ಹರಿವಿನ ವಿರುದ್ಧ ಸಾಗಬೇಕಾದ್ದರಿಂದ, ಶಬ್ದದ ವೇಗ ಸೆಕೆಂಡಿಗೆ 327 ಮೀಟರ್ ಎಂದುಕೊಂಡರೆ, ಅದರ ನಿವ್ವಳ ವೇಗ ಸೆಕೆಂಡಿಗೆ 65 ಮೀಟರ್, ಪ್ರಯಾಣಕ್ಕೆ ಬೇಕಾದ ಸಮಯ 2 ಮಿಲಿಸೆಕೆಂಡ್. ಇಡೀ ಆವರ್ತ 14.5 ಮಿಲಿಸೆಕೆಂಡ್ ಆಗಿರುವುದರಿಂದ ಉಳಿದ 12.5 ಮಿಲಿಸೆಕೆಂಡ್ ಹರಿವಿನ ದಿಕ್ಕಿನ ಪ್ರಯಾಣಕ್ಕೆ ಹೋಗಬೇಕು, ಅಂದರೆ ಆ ಕದಲಿಕೆಯ ವೇಗ ಸೆಕೆಂಡಿಗೆ ಕೇವಲ 10 ಮೀಟರ್ ಆಸುಪಾಸು. ಮುಕ್ತ ಹರಿವಿನ ವೇಗ 240 ಮೀಟರ್ ಇರುವಾಗ ಇದು ಬಹಳ ನಿಧಾನ. ಬೇರ್ಪಟ್ಟ ಪದರದ ಸುಳಿಗಳು ಸಾಮಾನ್ಯವಾಗಿ ಮುಕ್ತ ವೇಗದ ಅರ್ಧಕ್ಕಿಂತ ಹೆಚ್ಚು ವೇಗದಲ್ಲಿ ಸಾಗುತ್ತವೆ. ಆದ್ದರಿಂದ ಹರಿವಿನ ದಿಕ್ಕಿನಲ್ಲಿ ಸಾಗುವುದು ಒಂದೊಂದು ಸುಳಿಯಲ್ಲ, ಬೇರ್ಪಟ್ಟ ವಲಯವೇ ಒಟ್ಟಾಗಿ ಹಿಗ್ಗುವ ಮತ್ತು ಕುಗ್ಗುವ ನಿಧಾನಗತಿಯ ಚಲನೆ.

ಅಸ್ಥಿರತೆಯ ಸಿದ್ಧಾಂತ ತೋರಿಸುವ ಕಂಪನ ರೂಪವನ್ನು ಚಿತ್ರವಾಗಿ ಬಿಡಿಸಿ ನೋಡಿದರೆ ಅದು ಆಘಾತ ತರಂಗದ ಮೇಲೂ ಅದರ ಬುಡದಿಂದ ಹೊರಡುವ ಶಿಯರ್ ಲೇಯರ್ (ವೇಗ ತೀವ್ರವಾಗಿ ಬದಲಾಗುವ ಬೇರ್ಪಟ್ಟ ಪದರ) ಮೇಲೂ ಒಟ್ಟಿಗೆ ಕುಳಿತಿರುತ್ತದೆ. ಆಘಾತ ತರಂಗ ಮುಂದೆ ಸರಿದಾಗ ಅದರ ಎದುರಿನ ಹರಿವಿಗೆ ಹೋಲಿಸಿದರೆ ಬಲಗೊಳ್ಳುತ್ತದೆ, ಬೇರ್ಪಡುವಿಕೆ ಹೆಚ್ಚುತ್ತದೆ, ಏರ್‌ಫಾಯಿಲ್‌ನ ಪರಿಣಾಮಕಾರಿ ಬಾಗು (ಅಡ್ಡಛೇದದ ಕಮಾನು) ಕಡಿಮೆಯಾಗಿ ಲಿಫ್ಟ್ ಇಳಿಯುತ್ತದೆ. ಹಿಂದೆ ಸರಿಯುವಾಗ ಇದರ ವಿಲೋಮ ನಡೆದು ಹರಿವು ಮತ್ತೆ ಮೇಲ್ಮೈಗೆ ಅಂಟಿಕೊಳ್ಳುತ್ತದೆ. ಲೀ ಅವರ ವಿವರಣೆ ಈ ಜೋಡಣೆಯನ್ನು ಎರಡು ಅಲೆಗಳ ಪ್ರಯಾಣವಾಗಿ ಸರಳೀಕರಿಸುತ್ತದೆ. ಅವಧಿಯನ್ನು ಅಂದಾಜು ಮಾಡಲು ಅದು ನೆರವಾಗುತ್ತದೆ, ಆದರೆ ಓಲಾಟ ಯಾವ ಕೋನದಲ್ಲಿ ಆರಂಭವಾಗಬೇಕು ಎಂಬುದನ್ನು ಹೇಳಲಾರದು. ನಿಮ್ಮ ಪ್ರಬಂಧದ ಮುಖ್ಯ ಪ್ರಶ್ನೆ ಗಡಿಯಾದರೆ, ಅಸ್ಥಿರತೆಯ ಸಿದ್ಧಾಂತವನ್ನು ಬುನಾದಿಯಾಗಿ ಹಿಡಿಯಿರಿ.

ಇನ್ನೊಂದು ಮಾತು. ರಾನ್ಸ್ ಮಾಡೆಲ್ ಎಲ್ಲ ಟರ್ಬುಲೆನ್ಸ್ ಅನ್ನೂ ಸರಾಸರಿ ಮಾಡುವಾಗ ಅನ್‌ಸ್ಟೆಡಿ ಲೆಕ್ಕಕ್ಕೆ ಅರ್ಥವೇನು ಎಂದು ಪರೀಕ್ಷಕರು ಕೇಳಿಯೇ ಕೇಳುತ್ತಾರೆ. ಗಾಳಿ ಒಂದು ಕಾರ್ಡ್ ದೂರ ಸಾಗಲು ಸುಮಾರು ಒಂದು ಮಿಲಿಸೆಕೆಂಡ್ ಬೇಕು, ಬಫೆಟ್‌ನ ಒಂದು ಆವರ್ತಕ್ಕೆ ಅದರ ಹದಿನೈದು ಪಟ್ಟು ಬೇಕು. ಬೌಂಡರಿ ಲೇಯರ್‌ನ ಸುಳಿಗಳ ಕಾಲಮಾನ ಇವೆರಡಕ್ಕಿಂತ ಬಹಳ ಚಿಕ್ಕದು. ಎರಡು ಕಾಲಮಾನಗಳು ಇಷ್ಟು ದೂರವಿರುವುದರಿಂದಲೇ ಇಲ್ಲಿ ಅನ್‌ಸ್ಟೆಡಿ ರಾನ್ಸ್ ಸಮರ್ಥನೀಯ. ಎಲ್ಲ ಅಸ್ಥಿರ ಹರಿವುಗಳ ಬಗ್ಗೆಯೂ ಈ ಮಾತನ್ನು ಹೇಳಲಾಗದು.

ಉತ್ತರ: ದೂರತೀರ

ಎರಡನೇ ಸಂದೇಹದ ಬಗ್ಗೆ ಬರೆಯುತ್ತೇನೆ. ನಾನು ಕೆಲವು ವರ್ಷಗಳಿಂದ ಯುರೋಪಿನಲ್ಲಿ ಮೂರು ಆಯಾಮದ ರೆಕ್ಕೆಗಳ ಬಫೆಟ್ ಮೇಲೆ ಕೆಲಸ ಮಾಡುತ್ತಿದ್ದೇನೆ, ಆದ್ದರಿಂದ ಈ ಭಾಗದ ಬಗ್ಗೆ ನನಗೆ ಸ್ವಲ್ಪ ಬಲವಾದ ಅಭಿಪ್ರಾಯಗಳಿವೆ.

ಎರಡು ಆಯಾಮದ ಫಲಿತಾಂಶವನ್ನು ಹಿಂಬಾಗಿದ ರೆಕ್ಕೆಗೆ ನೇರವಾಗಿ ಒಯ್ಯಬೇಡಿ. ಏರ್‌ಫಾಯಿಲ್‌ನಲ್ಲಿ ಆವೃತ್ತಿಯನ್ನು ಕಾರ್ಡ್ ಮತ್ತು ಹರಿವಿನ ವೇಗದಿಂದ ಅಳೆದ ಸ್ಟ್ರೌಹಾಲ್ ಸಂಖ್ಯೆ 0.07ರ ಸುಮಾರು ಇದ್ದು, ವರ್ಣಪಟಲದಲ್ಲಿ ಒಂದೇ ಚೂಪಾದ ಶಿಖರ ಕಾಣುತ್ತದೆ. ಪ್ರಯಾಣಿಕ ವಿಮಾನದ ಹಿಂಬಾಗಿದ ರೆಕ್ಕೆಯಲ್ಲಿ ಅದು 0.2ರಿಂದ 0.6ರವರೆಗೆ ಅಗಲವಾಗಿ ಹರಡಿರುತ್ತದೆ, ಮತ್ತು ಆಘಾತ ತರಂಗ ಓಡಾಡುವ ಹರವು ಬಹಳ ಚಿಕ್ಕದಾಗಿರುತ್ತದೆ. ಕಾರಣವೇನೆಂದರೆ, ಹಿಂಬಾಗಿದ ರೆಕ್ಕೆಯಲ್ಲಿ ಬೇರ್ಪಡುವಿಕೆಯು ಅಗಲದ ಉದ್ದಕ್ಕೂ ಏಕರೂಪವಾಗಿರದೆ ಬಫೆಟ್ ಸೆಲ್ ಎಂದು ಕರೆಯಲಾಗುವ ತುಂಡುಗಳಾಗಿ ಒಡೆಯುತ್ತದೆ, ಈ ತುಂಡುಗಳು ರೆಕ್ಕೆಯ ಬುಡದಿಂದ ತುದಿಯ ಕಡೆಗೆ ಸಾಗುತ್ತವೆ. ಇಯೊವ್ನೊವಿಚ್ ಮತ್ತು ರವೆ ಅವರ 2015ರ ಅಧ್ಯಯನದಲ್ಲಿ ರೆಕ್ಕೆಯ ಹಿಂಬಾಗು ಹೆಚ್ಚಿದಂತೆ ಈ ಬದಲಾವಣೆ ಹೇಗೆ ಆಗುತ್ತದೆ ಎಂಬುದು ಚೆನ್ನಾಗಿ ಕಾಣುತ್ತದೆ. ಅನಂತರ 2019ರಲ್ಲಿ ಕ್ರೌಚ್ ತಂಡದವರೂ ಪಲಡಿನಿ ಮತ್ತು ಸಂಗಡಿಗರೂ ಅಸ್ಥಿರತೆಯ ವಿಶ್ಲೇಷಣೆಯನ್ನು ಹಿಂಬಾಗಿದ ಅನಂತ ರೆಕ್ಕೆಗಳಿಗೆ ವಿಸ್ತರಿಸಿದಾಗ, ಇದು ಎರಡು ಆಯಾಮದ ಕಂಪನ ರೂಪಕ್ಕಿಂತ ಬೇರೆಯೇ ಆದ ಇನ್ನೊಂದು ರೂಪ ಎಂಬುದು ಸ್ಪಷ್ಟವಾಯಿತು. ಹಿಂಬಾಗು ಇಲ್ಲದ ರೆಕ್ಕೆಯಲ್ಲಿ ಆ ರೂಪದ ಆವೃತ್ತಿ ಸೊನ್ನೆ, ಹಿಂಬಾಗು ಹೆಚ್ಚಿದಂತೆ ತುಂಡುಗಳು ಅಡ್ಡಹರಿವಿನಲ್ಲಿ ಸಾಗತೊಡಗಿ ಆವೃತ್ತಿ ಏರುತ್ತದೆ. ಹಾಗಾಗಿ 0.07ರಿಂದ 0.3ಕ್ಕೆ ಒಂದೇ ವಿದ್ಯಮಾನ ಬೆಳೆದು ಬಂತು ಎಂದು ಬರೆಯುವುದು ತಪ್ಪಾಗುತ್ತದೆ.

ಟಿಮ್ಮೆ ಅವರು 2020ರಲ್ಲಿ ನಾಸಾದ ಕಾಮನ್ ರಿಸರ್ಚ್ ಮಾಡೆಲ್ ಎಂಬ ವಿಮಾನ ಮಾದರಿಯ ರೆಕ್ಕೆಯ ಮೇಲೆ, ಅಂದರೆ ತುದಿ, ಬುಡ, ತಿರುಚು ಎಲ್ಲವೂ ಇರುವ ನಿಜವಾದ ಜ್ಯಾಮಿತಿಯ ಮೇಲೆ, ಇದೇ ವಿಶ್ಲೇಷಣೆಯನ್ನು ಮಾಡಿ ತೋರಿಸಿದ್ದಾರೆ. ನನ್ನ ದೃಷ್ಟಿಯಲ್ಲಿ ಈ ಕ್ಷೇತ್ರದ ಅತ್ಯಂತ ಶ್ರಮದ ಕೆಲಸಗಳಲ್ಲಿ ಅದೂ ಒಂದು. ಕ್ರೂಸ್ ಮ್ಯಾಕ್ ಸಂಖ್ಯೆ 0.85ರ ಈ ಮಾದರಿಯ ಮೇಲೆ ಜಪಾನಿನ ಜಾಕ್ಸಾ ಸಂಸ್ಥೆಯವರು ಒತ್ತಡಕ್ಕೆ ಸ್ಪಂದಿಸುವ ಬಣ್ಣ ಬಳಿದು ಅಳತೆ ಮಾಡಿದ್ದಾರೆ. ಒಂದೊಂದು ಬಿಂದುವಿನ ಒತ್ತಡಮಾಪಕಕ್ಕೆ ಕಾಣದ ತುಂಡುಗಳ ಪ್ರಯಾಣ ಇಂಥ ಅಳತೆಯಲ್ಲಿ ಇಡೀ ಮೇಲ್ಮೈಯ ಚಿತ್ರವಾಗಿ ದೊರೆಯುತ್ತದೆ.

ಪ್ರಬಂಧಕ್ಕೆ ನನ್ನ ಸಲಹೆ ಹೀಗಿದೆ. ಪೂರ್ಣ ರೆಕ್ಕೆಗೆ ಹಾರಬೇಡಿ. ಒಎಟಿ15ಎ ಏರ್‌ಫಾಯಿಲ್‌ನ ಆಕಾರವನ್ನೇ ಅಗಲಕ್ಕೆ ಎಳೆದು, ಎರಡು ಪಕ್ಕಗಳಲ್ಲಿ ಪೀರಿಯಾಡಿಕ್ ನಿಬಂಧನೆ (ಒಂದು ಪಕ್ಕದಿಂದ ಹೊರಟದ್ದು ಇನ್ನೊಂದು ಪಕ್ಕದಿಂದ ಒಳಬರುವಂತೆ) ಕೊಟ್ಟು, ಸ್ವಲ್ಪ ಹಿಂಬಾಗು ಸೇರಿಸಿ ಓಡಿಸಿ. ತುಂಡುಗಳ ಅಳತೆ ಸುಮಾರು ಒಂದು ಕಾರ್ಡಿನಷ್ಟು ಇರುವುದರಿಂದ ಅಗಲ ಕನಿಷ್ಠ ಕೆಲವು ಕಾರ್ಡ್‌ಗಳಷ್ಟು ಬೇಕು. ಇದು ರಾನ್ಸ್ ಲೆಕ್ಕವಾದ್ದರಿಂದ ಕೈಗೆಟಕುವ ಗಾತ್ರದಲ್ಲಿರುತ್ತದೆ. ಡೆಕ್ ಅವರ ಝೋನಲ್ ಡಿಇಎಸ್ ಅಥವಾ ಲಾರ್ಜ್ ಎಡ್ಡಿ ಸಿಮ್ಯುಲೇಶನ್ (ದೊಡ್ಡ ಸುಳಿಗಳನ್ನು ನೇರವಾಗಿ ಲೆಕ್ಕ ಹಾಕುವ ವಿಧಾನಗಳು) ಕಡೆಗೆ ಈಗಲೇ ಹೋಗಬೇಕೆಂದು ಯಾರಾದರೂ ಒತ್ತಾಯಿಸಿದರೆ, ಒಂದು ಆವರ್ತಕ್ಕೇ ಹತ್ತಾರು ಸಾವಿರ ಟೈಮ್ ಸ್ಟೆಪ್‌ಗಳು ಬೇಕಾಗುತ್ತವೆ ಎಂಬುದನ್ನು ನೆನಪಿಡಿ. ಅಲ್ಲಿ ಇನ್ನೊಂದು ತೊಡಕೂ ಇದೆ: ಆ ವೆಚ್ಚವನ್ನು ತಾಳಲು ಅಗಲವನ್ನು ಕಿರಿದು ಮಾಡಿದರೆ, ತುಂಡುಗಳಾಗಿ ಒಡೆಯುವ ರೂಪಕ್ಕೆ ಜಾಗವೇ ಇಲ್ಲದೆ, ದುಬಾರಿ ಲೆಕ್ಕವೂ ಎರಡು ಆಯಾಮದ ಉತ್ತರವನ್ನೇ ಕೊಡುತ್ತದೆ.

ಉತ್ತರ: ಗಾಳಿಸುರಂಗ

ದೂರತೀರ ಅವರ ಸಲಹೆಗೆ ಒಂದು ತಿದ್ದುಪಡಿ. ಹಿಂಬಾಗು ಸೇರಿಸುವಾಗ ಮುಕ್ತ ಹರಿವಿನ ಮ್ಯಾಕ್ ಸಂಖ್ಯೆಯನ್ನು 0.73 ಎಂದೇ ಇಟ್ಟರೆ ರೆಕ್ಕೆಗೆ ಲಂಬವಾದ ಘಟಕ ಇಳಿದು ಆಘಾತ ತರಂಗವೇ ದುರ್ಬಲವಾಗುತ್ತದೆ, ಆಗ ಬಫೆಟ್ ಕಾಣದಿದ್ದರೆ ಕಾರಣ ಯಾವುದೆಂದು ತಿಳಿಯುವುದಿಲ್ಲ. ಲಂಬ ಘಟಕವನ್ನು 0.73ರಲ್ಲಿ ಸ್ಥಿರವಾಗಿಟ್ಟು, ಅಂದರೆ ಮುಕ್ತ ಹರಿವಿನ ಮ್ಯಾಕ್ ಸಂಖ್ಯೆಯನ್ನು ಹಿಂಬಾಗಿನ ಕೋಸೈನ್‌ನಿಂದ ಭಾಗಿಸಿ ಹೆಚ್ಚಿಸಿ, ಕೋನವನ್ನೂ ಲಂಬ ಛೇದದಲ್ಲಿಯೇ ಅಳೆಯಿರಿ. 20 ಡಿಗ್ರಿ ಹಿಂಬಾಗಿಗೆ ಇದು ಸುಮಾರು 0.777 ಆಗುತ್ತದೆ. ಹೀಗೆ ಮಾಡಿದಾಗ ಹಿಂಬಾಗು ಸೊನ್ನೆ ಇರುವ ನಿಮ್ಮ ಈಗಿನ ಲೆಕ್ಕವೇ ಸರಣಿಯ ಮೊದಲ ಬಿಂದುವಾಗುತ್ತದೆ, ಮತ್ತು ಪ್ರತಿ ಹಿಂಬಾಗಿನಲ್ಲೂ ಬೆಳವಣಿಗೆಯ ದರ ಸೊನ್ನೆಯಾಗುವ ಕೋನವನ್ನು ಗುರುತಿಸುತ್ತಾ ಹೋಗಬಹುದು. ಮಾದರಿ ಗಟ್ಟಿಯಾಗಿದೆ, ಬಾಗುವುದಿಲ್ಲ ಎಂಬ ಊಹೆಯನ್ನು ಪ್ರಬಂಧದ ಮೊದಲ ಅಧ್ಯಾಯದಲ್ಲಿಯೇ ಬರೆಯಿರಿ, ಏಕೆಂದರೆ ರಚನೆಯ ಸ್ವಾಭಾವಿಕ ಆವೃತ್ತಿ ಬಫೆಟ್ ಆವೃತ್ತಿಗೆ ಸಮೀಪವಿದ್ದರೆ ಆಘಾತ ತರಂಗ ತನ್ನ ಆವೃತ್ತಿಯನ್ನು ಬಿಟ್ಟು ರಚನೆಯ ಆವೃತ್ತಿಗೆ ಹೊಂದಿಕೊಳ್ಳಬಲ್ಲದು, ಮತ್ತು ಆಗ ಈಗ ನೀವು ಅಳೆಯುತ್ತಿರುವ ಗಡಿಯೂ ಬೇರೆಯಾಗುತ್ತದೆ.